ಬಟ್ಟೆ ಒಣಗಿಸೋ ತಂತೀಲಿ ಸೂರಕ್ಕಿ ಗೂಡು ಕಟ್ಟಿದ್ರೆ ಏನ್ ಮಾಡ್ಬೇಕು

ಸೂರಕ್ಕಿ ಅಂದ್ರೆ ಹೂವಿನ ಮಕರಂದ ಕುಡಿಯೋ ಪುಟ್ಟ ಹಕ್ಕಿ, ಇಂಗ್ಲಿಷಲ್ಲಿ ಸನ್‌ಬರ್ಡ್. ಮೊದಲೆರಡು ದಿನ ಅದು ಗೂಡು ಅಂತಾನೇ ಗೊತ್ತಾಗಲ್ಲ, ಗಾಳಿಗೆ ಏನೋ ಕಸ ಬಂದು ತಂತಿಗೆ ಸಿಕ್ಕಾಕೊಂಡಿದೆ ಅನ್ಸತ್ತೆ. ನಾನೂ ಪೊರಕೆ ಹಿಡ್ಕೊಂಡೇ ಬಾಲ್ಕನಿಗೆ ಹೋಗಿದ್ದೆ, ಅಷ್ಟರಲ್ಲಿ ಪುಟಾಣಿ ಹಕ್ಕಿ ಒಂದು ವೆಂಟಿಲೇಟರ್ ಮೂಲೆಯಿಂದ ಜೇಡರ ಬಲೆ ಕೊಕ್ಕಲ್ಲಿ ಎಳ್ಕೊಂಡು ಬಂದು ತಂತಿಗೆ ಸುತ್ತೋಕೆ ಶುರು ಮಾಡ್ತು. ಹಾಗಾಗಿ ತೂಗಾಡ್ತಿರೋ ಕಸ ಕಂಡ್ರೆ ಒಂದಿನ ಸುಮ್ನೆ ಗಮನಿಸಿ. ಒಣಗಿದ ಎಲೆ, ತೊಗಟೆ ಚೂರು, ಹುಳದ ಹಿಕ್ಕೆ ಎಲ್ಲಾ ಬಲೆಯಲ್ಲಿ ಅಂಟಿಸಿರತ್ತೆ, ಪಕ್ಕದಲ್ಲಿ ಒಂದು ತೂತು, ತೂತಿನ ಮೇಲೆ ನಮ್ಮ ಕಿಟಕಿಗಿರೋ ಥರಾನೇ ಪುಟ್ಟ ಸಜ್ಜಾ. ಇದಿಷ್ಟು ಕಂಡ್ರೆ ಸೂರಕ್ಕಿ ಗೂಡೇ.

ತುಂಬಾ ಹುಷಾರಾಗಿರ್ಬೇಕಾಗಿರೋದು ಗೂಡು ಕಟ್ಟೋ ಟೈಮಲ್ಲಿ. ಕಟ್ಟೋದು ಹೆಣ್ಣೊಂದೇ, ಗಂಡು ಸುತ್ತಮುತ್ತ ಹಾರಾಡ್ಕೊಂಡಿರತ್ತೆ. ಮೊಟ್ಟೆ ಇಡೋಕೆ ಮುಂಚೆ ನೀವು ಪದೇ ಪದೇ ಹತ್ರ ಹೋದ್ರೆ ಬಿಟ್ಟು ಹೋಗ್ಬಿಡಬಹುದು, ಅದಕ್ಕೆ ಬಟ್ಟೆ ಒಣಗಿಸೋದನ್ನ ಅವತ್ತೇ ಟೆರೇಸಿಗೋ ಸ್ಟ್ಯಾಂಡಿಗೋ ಶಿಫ್ಟ್ ಮಾಡಿ. ಗೂಡನ್ನ ಮಾತ್ರ ಶಿಫ್ಟ್ ಮಾಡ್ಬೇಡಿ, ನೆರಳಿರೋ ಕಡೆ ಇಡೋಣ ಅಂತ ಒಳ್ಳೆ ಮನಸ್ಸಿಂದ ಮಾಡಿದ್ರೂ ಬೇಡ.

ಸಾಮಾನ್ಯವಾಗಿ ಎರಡು ಮೊಟ್ಟೆ, ಹದಿನೈದು ದಿನ ಕಾವು, ಮರಿ ಆದ್ಮೇಲೆ ಇನ್ನೊಂದು ಹದಿನೈದು ಹದಿನಾರು ದಿನ. ಒಂದು ತಿಂಗಳು ಅನ್ಕೊಂಡು ಕ್ಯಾಲೆಂಡರಲ್ಲಿ ಗುರುತು ಹಾಕೊಳ್ಳಿ, ಅಷ್ಟು ದಿನ ಮನೆಯವರೆಲ್ಲ ಒಂದಿಷ್ಟು ಅಡ್ಜಸ್ಟ್ ಆಗ್ಬೇಕು. ರಾತ್ರಿ ಬಾಲ್ಕನಿ ಲೈಟ್ ಆಫ್ ಇರ್ಲಿ. ಜೇಡರ ಬಲೆ ಗುಡಿಸ್ಬೇಡಿ, ಸೊಳ್ಳೆ ಜಿರಳೆ ಸ್ಪ್ರೇ ಹೊಡೀಬೇಡಿ, ಯಾಕಂದ್ರೆ ಅಪ್ಪ ಅಮ್ಮ ಇಬ್ರೂ ಮರಿಗೆ ತಂದು ಕೊಡೋದು ಜೇಡ, ಸಣ್ಣ ಹುಳಗಳನ್ನೇ. ಅಕ್ಕಿ ಕಾಳು ಹಾಕಿದ್ರೆ ಸೂರಕ್ಕಿಗೆ ಉಪಯೋಗ ಇಲ್ಲ, ಕಾಗೆ ಅಳಿಲು ಬರ್ತವೆ ಅಷ್ಟೇ. ದಾಸವಾಳದ ಕುಂಡ ಇದ್ರೆ ಹತ್ರ ಇಡಿ, ಸಾಕು. ಫೋಟೋ ಬೇಕಂದ್ರೆ ಕಿಟಕಿ ಒಳಗಿಂದ, ಫ್ಲಾಶ್ ಇಲ್ದೆ ತೆಗೀರಿ. ತೂತಿಂದ ಉದ್ದ ಕೊಕ್ಕು ಮಾತ್ರ ಹೊರಗೆ ಚಾಚ್ಕೊಂಡು ಕೂತಿರತ್ತಲ್ಲ, ಅದನ್ನ ದೂರದಿಂದ ನೋಡೋದೇ ಚಂದ.

ಗಾಳಿ ಮಳೆಗೆ ಗೂಡು ಬಿದ್ರೆ ಗಾಬರಿ ಆಗ್ಬೇಡಿ. ತೆಂಗಿನ ಚಿಪ್ಪಿಗೆ ತಳದಲ್ಲಿ ತೂತು ಮಾಡಿ, ಬಿದ್ದ ಗೂಡಿನ ಹತ್ತಿಯನ್ನೇ ಹಾಸಿ ಮರಿ ಕೂರಿಸಿ, ಅದೇ ಜಾಗದಲ್ಲಿ ಕಟ್ಟಿ ದೂರ ಬನ್ನಿ. ಮನುಷ್ಯರು ಮುಟ್ಟಿದ್ರೆ ತಾಯಿ ಸೇರಿಸಲ್ಲ ಅನ್ನೋದು ನಿಜ ಅಲ್ಲ, ಮರಿ ಕೂಗು ಕೇಳಿ ಬರತ್ತೆ. ಹಾಲು ನೀರು ಬಾಯಿಗೆ ಬಿಡ್ಲೇಬೇಡಿ, ಉಸಿರಿನ ನಾಳಕ್ಕೆ ಹೋಗಿ ಸಾಯ್ತವೆ. ಪುಕ್ಕ ಬಂದಿರೋ ಮರಿ ನೆಲದ ಮೇಲೆ ಕುಪ್ಪಳಿಸ್ತಿದ್ರೆ ಅದು ಹಾರೋದು ಕಲೀತಿದೆ, ಎತ್ತಿ ಗಿಡದ ಮೇಲೆ ಕೂರಿಸಿ ಬೆಕ್ಕು ಬರ್ದೇ ನೋಡ್ಕೊಂಡ್ರೆ ಆಯ್ತು. ಗಾಯ ಆಗಿದ್ರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಬೆಂಗಳೂರಲ್ಲಿ ಆದ್ರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ಆಸ್ಪತ್ರೆ ಇದೆ.

ಮನೆ ಓನರ್ ತೆಗೆಸಿ ಅಂದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿ ಗೂಡು, ಮೊಟ್ಟೆ ಹಾಳು ಮಾಡೋದೂ ಬೇಟೆ ಲೆಕ್ಕಕ್ಕೇ ಬರತ್ತೆ ಅಂತ ಸಮಾಧಾನವಾಗಿ ಹೇಳಿ. ಮರಿ ಹಾರಿ ಹೋದ್ಮೇಲೂ ಗೂಡು ಕೀಳೋಕೆ ಅವಸರ ಬೇಡ, ಕೆಲವು ಸಲ ಅದೇ ಗೂಡಿಗೆ ಮತ್ತೆ ಬರ್ತವೆ. ನಮ್ಮ ತಂತೀಲಿ ಅದು ಇನ್ನೂ ಹಾಗೇ ತೂಗಾಡ್ತಿದೆ, ಬಟ್ಟೆ ಟೆರೇಸಲ್ಲೇ ಒಣಗ್ತಿದೆ.