ಕಾರಿನ ತೆಳು ತಗಡಿಗೆ ಮನೆಯಲ್ಲೇ ವೆಲ್ಡಿಂಗ್: ನನ್ನ ಅನುಭವ

ಕಾರಿನ ಬಾಡಿ ತಗಡು 0.7ರಿಂದ 0.8 ಮಿ.ಮೀ. ದಪ್ಪ. ಫ್ಲೋರ್ ಹೆಚ್ಚೆಂದರೆ 1 ಮಿ.ಮೀ., ಅದರಡಿಯ ಚಾನೆಲ್‌ಗಳು 1.2ರಿಂದ 2 ಮಿ.ಮೀ. ಯಾವ ಮಷಿನ್ ತರಬೇಕು ಅನ್ನೋದನ್ನು ಈ ಅಂಕಿಗಳೇ ಹೇಳುತ್ತವೆ. ನಮ್ಮ ಬಳ್ಳಾರಿ ಕಡೆ ವೆಲ್ಡಿಂಗ್ ಅಂದರೆ ಟ್ರ್ಯಾಕ್ಟರ್ ಟ್ರೇಲರ್, ಗೇಟು, ಕಿಟಕಿ ಗ್ರಿಲ್ಲು. ಅದೆಲ್ಲ ದಪ್ಪ ಕಬ್ಬಿಣ, ಅದಕ್ಕೆ ರಾಡ್ ವೆಲ್ಡಿಂಗೇ ಸರಿ. ಹಾಗಾಗಿ ಯಾರನ್ನು ಕೇಳಿದರೂ ‘ರಾಡಲ್ಲೇ ಹೊಡೀಬೋದು ಸಾರ್, ಏನಾಗಲ್ಲ’ ಅಂತಾರೆ. ಆಗುತ್ತದೆ. 2.5 ಮಿ.ಮೀ.ನ 6013 ರಾಡ್ ನೆಟ್ಟಗೆ ಉರಿಯಲು 60ರಿಂದ 90 ಆಂಪಿಯರ್ ಬೇಕು, ಅಷ್ಟು ಕಾವು ಕೊಟ್ಟರೆ 0.8 ತಗಡು ಕ್ಷಣದಲ್ಲಿ ತೂತಾಗುತ್ತದೆ. ಆ ತೂತು ಮುಚ್ಚಲು ಹೋದರೆ ಇನ್ನಷ್ಟು ಅಗಲವಾಗುತ್ತದೆ. ಆಕ್ಸಿ-ಅಸಿಟಿಲಿನ್ ಗ್ಯಾಸ್ ವೆಲ್ಡಿಂಗಲ್ಲಿ ತೂತು ತಪ್ಪಿಸಬಹುದು, ಆದರೆ ಕಾವು ಅಗಲಕ್ಕೆ ಹರಡಿ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಅದಕ್ಕೇ ನಾನು ಬಳಸೋದು ಮಿಗ್, ಅಂಗಡಿಯವರ ಮಾತಲ್ಲಿ ಸಿಓಟು ಮಷಿನ್. ವೈರು ತಾನೇ ಬರುತ್ತದೆ, ಟ್ರಿಗರ್ ಒತ್ತಿದಷ್ಟೇ ಹೊತ್ತು ಕಾವು. ಸಿಂಗಲ್ ಫೇಸಿನ 200 ಆಂಪಿಯರ್ ಇನ್ವರ್ಟರ್ ಮಾದರಿ ಮನೆಗೆ ಸಾಕು. ಕೊಳ್ಳುವಾಗ ದೊಡ್ಡ ಅಂಕಿಗಿಂತ ಚಿಕ್ಕ ಅಂಕಿ ನೋಡಬೇಕು. ಎಷ್ಟು ಕೆಳಗೆ ಇಳಿಯುತ್ತದೆ? 30–40 ಆಂಪಿಯರಿಗೆ ಇಳಿಸಿದಾಗಲೂ ಆರ್ಕ್ (ವೈರಿನ ತುದಿಯಲ್ಲಿ ಉರಿಯುವ ಕರೆಂಟಿನ ಕಿಡಿ) ತಡವರಿಸದೆ ನಿಲ್ಲುವ ಮಷಿನ್ ಕಾರಿಗೆ ಬೇಕಾದದ್ದು. ವೋಲ್ಟೇಜಿಗೊಂದು, ವೈರ್ ಸ್ಪೀಡಿಗೊಂದು ಬೇರೆ ಬೇರೆ ನಾಬ್ ಇರಲಿ. 0.6 ಮತ್ತು 0.8 ವೈರಿಗೆ ರೋಲರ್ ಸಿಗಲಿ, ಟಾರ್ಚ್ (ವೈರು ಹೊರಬರುವ, ಕೈಯಲ್ಲಿ ಹಿಡಿಯುವ ಗನ್) ಮತ್ತು ಅರ್ಥಿಂಗ್ ಕೇಬಲ್‌ಗಳ ಧ್ರುವ ಅದಲು ಬದಲು ಮಾಡಲು ಬರಲಿ. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವ ಗ್ಯಾಸಿನೊಂದಿಗೆ ಓಡಿಸುವ ಸಾದಾ ವೈರಿಗೆ ಟಾರ್ಚ್ ಪಾಸಿಟಿವ್, ಗ್ಯಾಸಿಲ್ಲದೆ ಅದೇ ಕೆಲಸ ಮಾಡುವ ಫ್ಲಕ್ಸ್ ಪುಡಿ ತುಂಬಿದ ವೈರಿಗೆ ಟಾರ್ಚ್ ನೆಗೆಟಿವ್. ಇದನ್ನು ತಿರುಗಿಸಿ ಹಾಕಿಕೊಂಡು ‘ಮಷಿನ್ ಸರಿಯಿಲ್ಲ, ಬರೀ ಕಿಡಿ ಹಾರುತ್ತದೆ’ ಅನ್ನುವವರು ಬಹಳ.

ಡ್ಯೂಟಿ ಸೈಕಲ್ ಅಂತ ಪ್ಲೇಟಿನ ಮೇಲೆ ಬರೆದಿರುತ್ತಾರೆ. 60% ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಓಡಿಸಿ, ನಾಲ್ಕು ನಿಮಿಷ ಬಿಡಬೇಕು. ಆ ಲೆಕ್ಕ ಹಾಕೋದು 40 ಡಿಗ್ರಿ ವಾತಾವರಣಕ್ಕೆ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ನೆರಳಲ್ಲೇ 40 ದಾಟುತ್ತದೆ, ತಗಡಿನ ಶೆಡ್ಡಿನಲ್ಲಂತೂ ಕೇಳುವುದೇ ಬೇಡ. ಬರೆದ ಅಂಕಿಯಷ್ಟು ಸಿಗುವುದಿಲ್ಲ ಅಂತಲೇ ಲೆಕ್ಕ ಹಿಡಿಯಬೇಕು. ಬೇಸಿಗೆಯಲ್ಲಿ ನಾನು ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಕೆಲಸ ಮುಗಿಸುತ್ತೇನೆ. ಆ ಹೊತ್ತಿಗೆ ಗಾಳಿಯೂ ಕಡಿಮೆ.

ಕರೆಂಟಿನ ಬಗ್ಗೆ ಹೆದರಬೇಕಿಲ್ಲ. ತೆಳು ತಗಡಿಗೆ 50 ಆಂಪಿಯರ್, 16.5 ವೋಲ್ಟ್ ಅಂದರೆ ಆರ್ಕಿಗೆ ಹೋಗೋದು 825 ವ್ಯಾಟ್ ಮಾತ್ರ. ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ ಸಾಕಾಗುತ್ತದೆ. ಎಕ್ಸ್‌ಟೆನ್ಷನ್ ವೈರು 2.5 ಚದರ ಮಿ.ಮೀ.ಗಿಂತ ತೆಳು ಬೇಡ, ಸುರುಳಿ ಪೂರ್ತಿ ಬಿಚ್ಚಬೇಕು. ಸುತ್ತಿಟ್ಟ ವೈರು ಒಳಗೊಳಗೇ ಕಾದು ಕರಗುತ್ತದೆ. ವೋಲ್ಟೇಜ್ ಇಳಿಯುವ ಊರಾದರೆ, ಕಡಿಮೆ ಎಷ್ಟು ವೋಲ್ಟಿನವರೆಗೆ ಮಷಿನ್ ನಡೆಯುತ್ತದೆ ಅಂತ ಕೊಳ್ಳುವಾಗಲೇ ಕೇಳಿ. ಇನ್ನು ಧೂಳು. ಇಲ್ಲಿಯ ಕೆಂಪು ಧೂಳು ಫ್ಯಾನಿನ ಜಾಲರಿ ಮುಚ್ಚುತ್ತದೆ, ಗ್ರೈಂಡರಿನ ಕಬ್ಬಿಣದ ಪುಡಿ ಒಳಗಿನ ಬೋರ್ಡಿನ ಮೇಲೆ ಕೂತು ಶಾರ್ಟ್ ಮಾಡುತ್ತದೆ. ಗ್ರೈಂಡಿಂಗ್ ಮಾಡುವಾಗ ಮಷಿನ್ ದೂರವಿಡಿ. ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಒಣ ಗಾಳಿ ಊದಿ.

ಗ್ಯಾಸಿನಲ್ಲಿ 80% ಆರ್ಗನ್, 20% ಸಿಓಟು ಮಿಶ್ರಣ ತೆಳು ತಗಡಿಗೆ ಉತ್ತಮ. ಆರ್ಕ್ ಮೆತ್ತಗೆ, ಕಿಡಿ ಕಡಿಮೆ. ಬರೀ ಸಿಓಟು ಅಗ್ಗ, ಆದರೆ ಕಾವು ಆಳಕ್ಕೆ ಇಳಿಯುತ್ತದೆ, ಸ್ಪ್ಯಾಟರ್ (ಸಿಡಿದು ಅಂಟುವ ಲೋಹದ ಹನಿ) ಜಾಸ್ತಿ. ಅದಕ್ಕೆ ಹೀಟರ್ ಇರುವ ರೆಗ್ಯುಲೇಟರ್ ಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲೂ ಮಂಜುಗಟ್ಟಿ ಗ್ಯಾಸ್ ತಡೆದು ತಡೆದು ಬರುತ್ತದೆ. ಸಿಓಟು ಎಷ್ಟು ಉಳಿದಿದೆ ಅನ್ನೋದನ್ನು ಮೀಟರ್ ಹೇಳುವುದಿಲ್ಲ, ತೂಕ ಹಾಕಿ ನೋಡಬೇಕು. ಒಂದು ಕೆ.ಜಿ. ಅಂದರೆ ಸುಮಾರು 540 ಲೀಟರ್ ಗ್ಯಾಸ್. ನಿಮಿಷಕ್ಕೆ 10 ಲೀಟರಿನಂತೆ ಮುಕ್ಕಾಲು ಗಂಟೆಗೂ ಮೇಲೆ ಆರ್ಕ್ ನಡೆಯುತ್ತದೆ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿ ಕಟ್ಟಿ, ಬಿಸಿಲಿಗೆ ಬಿಡಬೇಡಿ. ಮುಚ್ಚಿದ ಕೋಣೆಯಲ್ಲಿ ಈ ಗ್ಯಾಸ್ ನೆಲಮಟ್ಟದಲ್ಲಿ ತುಂಬಿ ಉಸಿರುಗಟ್ಟಿಸುತ್ತದೆ, ಕಾರಿನಡಿ ಮಲಗಿ ಮಾಡುವಾಗ ಇದು ನೆನಪಿರಬೇಕು. ಗ್ಯಾಸಿಲ್ಲದ ವೈರು ಗಾಳಿಗೆ ಜಗ್ಗುವುದಿಲ್ಲ, ಬಯಲಲ್ಲಿ ಚಾನೆಲ್ ಕೆಲಸಕ್ಕೆ ಒಳ್ಳೆಯದು. ಆದರೆ ಕಾವು ಹೆಚ್ಚು, ಕಿಟ್ಟ ಕೆತ್ತಬೇಕು. ಕಲಿಯುವವರು ಬಾಡಿ ತಗಡಿಗೆ ಅದನ್ನು ಹಚ್ಚಬೇಡಿ.

ಹೆಲ್ಮೆಟ್ ತಾನೇ ಕಪ್ಪಾಗುವಂಥದ್ದು ತನ್ನಿ, ಶೇಡ್ 10ಕ್ಕೆ ಇಡಿ. ಚರ್ಮದ ಕೈಗವಸು, ಚರ್ಮದ ಬೂಟು. ಬಳ್ಳಾರಿಯಲ್ಲಿ ಜೀನ್ಸಿಗೆ ಬರವಿಲ್ಲ, ಆದರೆ ಹಿಗ್ಗುವ ಬಟ್ಟೆಯ ಜೀನ್ಸ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪೂರ್ತಿ ಹತ್ತಿಯ ಹಳೇ ದಪ್ಪ ಪ್ಯಾಂಟೇ ಬೇಕು, ಕೆಳಗೆ ಮಡಚಿರಬಾರದು, ಮಡಿಕೆಯಲ್ಲಿ ಕಿಡಿ ಕೂರುತ್ತದೆ.

ಅಭ್ಯಾಸಕ್ಕೆ ಗುಜರಿ ಅಂಗಡಿಯಿಂದ ಹಳೇ ಕಾರಿನ ಡೋರು, ಬಾನೆಟ್ಟು ತನ್ನಿ. ಹೊಸ ಶೀಟಿನ ಮೇಲೆ ಕಲಿತ ಕೈ ಜಂಗು ತಿಂದ ತಗಡಿನ ಮುಂದೆ ಸೋಲುತ್ತದೆ. ಎರಡೂ ಬದಿಯ ಬಣ್ಣ, ಜಂಗು, ಸೀಲೆಂಟ್ ಒಂದು ಇಂಚಿನಷ್ಟು ಅಗಲ ತೆಗೆದು ಬೆಳ್ಳಗೆ ಮಾಡಿ. ಬ್ರೇಕ್ ಕ್ಲೀನರ್ ಹಾಕಿ ಒರೆಸಬೇಡಿ. ಕ್ಲೋರಿನ್ ಇರುವ ಕ್ಲೀನರಿಗೆ ಆರ್ಕ್ ತಾಗಿದರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ. ಸತುವಿನ ಲೇಪ ಇದ್ದರೆ ಅದನ್ನೂ ಉಜ್ಜಿ ತೆಗೆಯಿರಿ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ.

0.8 ತಗಡಿಗೆ ನಾನು ಶುರು ಮಾಡೋದು 16 ವೋಲ್ಟ್, ನಿಮಿಷಕ್ಕೆ 3 ಮೀಟರ್ ವೈರು, 10 ಲೀಟರ್ ಗ್ಯಾಸ್, ಟಿಪ್ಪಿನಿಂದ ವೈರು 10 ಮಿ.ಮೀ. ಹೊರಗೆ. ಮುಂದಿನದು ಕಿವಿಯ ಕೆಲಸ. ಸೆಟ್ಟಿಂಗ್ ಸರಿಯಿದ್ದರೆ ಕಾದ ಎಣ್ಣೆಗೆ ಮಿರ್ಚಿ ಬಿಟ್ಟಂತೆ ಒಂದೇ ಸಮನೆ ಚರ್ರ್ ಅನ್ನುತ್ತದೆ. ಟಪ್ ಟಪ್ ಅಂತ ಟಾರ್ಚನ್ನು ಹಿಂದಕ್ಕೆ ನೂಕಿದರೆ ವೈರ್ ಸ್ಪೀಡ್ ಹೆಚ್ಚಾಗಿದೆ. ವೈರು ತುದಿಯಲ್ಲಿ ಗುಂಡಾಗಿ ಟಿಪ್ಪಿಗೇ ಅಂಟಿದರೆ ಸ್ಪೀಡ್ ಕಡಿಮೆ. ಬೀಡು (ವೆಲ್ಡಿನ ಗೆರೆ) ಜೇನುಗೂಡಿನಂತೆ ತೂತು ತೂತಾದರೆ ಗ್ಯಾಸ್ ತಲುಪಿಲ್ಲ: ಗಾಳಿ ಬೀಸಿದೆ, ಇಲ್ಲಾ ನಾಝಲ್ಲಿನಲ್ಲಿ ಸ್ಪ್ಯಾಟರ್ ಕಟ್ಟಿದೆ. ಅದೂ ಅಲ್ಲದಿದ್ದರೆ ತಗಡಲ್ಲಿ ಬಣ್ಣ ಉಳಿದಿದೆ. ಗಾಳಿಯಿದ್ದರೆ ಗ್ಯಾಸ್ 20 ಲೀಟರಿಗೆ ಏರಿಸುವುದರಿಂದ ಉಪಯೋಗವಿಲ್ಲ, ಗ್ಯಾಸೇ ಸುಳಿ ಎದ್ದು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅಡ್ಡ ಒಂದು ತಗಡು ನಿಲ್ಲಿಸಿ.

ನಮ್ಮ ಭಾಗದಲ್ಲಿ ಸಮುದ್ರದ ಉಪ್ಪಿಲ್ಲ, ಆದರೂ ಹಳೇ ಮಾರುತಿ 800, ಓಮ್ನಿಗಳ ಫ್ಲೋರ್ ತೂತಾಗುತ್ತದೆ. ಕಾರಣ ಎರಡು. ಬಾಗಿಲು, ಅದರಡಿಯ ಟೊಳ್ಳು ಪಟ್ಟಿಯಾದ ಫುಟ್‌ಬೋರ್ಡ್‌ಗಳ ನೀರಿಳಿಯುವ ತೂತಿಗೆ ಕೆಮ್ಮಣ್ಣು ಕಟ್ಟಿ ನೀರು ನಿಲ್ಲುತ್ತದೆ. ಇನ್ನೊಂದು, ಸಿರುಗುಪ್ಪ, ಗಂಗಾವತಿ ಕಡೆಯ ಗದ್ದೆಗಳಿಗೆ ಹಿಂದಿನ ಸೀಟಲ್ಲೇ ಗೊಬ್ಬರದ ಚೀಲ ಹಾಕಿಕೊಂಡು ಹೋಗುತ್ತಾರೆ. ಉದುರಿದ ಗೊಬ್ಬರ ತೇವ ಹೀರಿ ಮ್ಯಾಟಿನಡಿ ನೀರೊಡೆದು ತಗಡು ತಿನ್ನುತ್ತದೆ.

ಅಂಥ ಫ್ಲೋರಿಗೆ ಪ್ಯಾಚ್ ಹಾಕುವ ಮುನ್ನ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ನೆಗೆಟಿವ್ ಮೊದಲು. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಕಾರಾದರೆ ಅದರ ಸಾಕೆಟ್ಟನ್ನೂ ಕಳಚಿ. ಸೀಟು, ಮ್ಯಾಟು, ಡಾಂಬರಿನಂಥ ಹಾಳೆ ತೆಗೆದು, ಅಡಿಯಲ್ಲಿ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿ ಹಾದಿವೆ ನೋಡಿ. ಕೆಲಸ ಟ್ಯಾಂಕಿನ ಹತ್ತಿರವಿದ್ದರೆ ಟ್ಯಾಂಕ್ ಇಳಿಸಲೇಬೇಕು. ಸಿಎನ್‌ಜಿ ಅಥವಾ ಎಲ್‌ಪಿಜಿ ಕಾರಿಗೆ ಮನೆಯಲ್ಲಿ ಕೈಹಾಕಬೇಡಿ. ಅರ್ಥಿಂಗ್ ಕ್ಲ್ಯಾಂಪ್ ವೆಲ್ಡಿಂಗ್ ಜಾಗದಿಂದ ಗೇಣುದೂರದಲ್ಲೇ ಇರಲಿ, ದೂರವಿದ್ದರೆ ಕರೆಂಟು ಬೇರಿಂಗ್ ಮೂಲಕ ದಾರಿ ಹುಡುಕಿ ಅದನ್ನು ಸುಡುತ್ತದೆ.

ಜಂಗು ಕತ್ತರಿಸುವಾಗ ಜುಗ್ಗತನ ಬೇಡ. ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದಾಗ ಗಟ್ಟಿ ಸದ್ದು ಬರುವ ತಗಡು ಸಿಗುವ ತನಕ ಕತ್ತರಿಸಿ. ಮೂಲೆ ಚೂಪಾಗಿ ಬಿಟ್ಟರೆ ಅಲ್ಲಿಂದಲೇ ಸೀಳುತ್ತದೆ, ದುಂಡಗೆ ಮಾಡಿ. ರಟ್ಟಿನಲ್ಲಿ ಅಳತೆ ತೆಗೆದು 1 ಮಿ.ಮೀ. ಶೀಟಿನಿಂದ ಪ್ಯಾಚ್ ಕತ್ತರಿಸಿ, ಸುತ್ತ 15 ಮಿ.ಮೀ. ಮೇಲೆ ಕೂರುವಂತೆ ಇರಲಿ. ಆ ಅಂಚಿನಲ್ಲಿ 25 ಮಿ.ಮೀ.ಗೊಂದರಂತೆ 6 ಮಿ.ಮೀ. ತೂತು ಕೊರೆದು, ಒಳಗೆ ಮುಚ್ಚಿಹೋಗುವ ಕಡೆಗೆ ಸತುವಿನ ವೆಲ್ಡ್-ಥ್ರೂ ಪ್ರೈಮರ್ (ಮೇಲೆಯೇ ವೆಲ್ಡ್ ಮಾಡಬಹುದಾದ ಲೇಪ) ಹಚ್ಚಿ, ಬಿಗಿಯಾಗಿ ಕ್ಲ್ಯಾಂಪ್ ಹಾಕಿ. ಎರಡು ತಗಡಿನ ಮಧ್ಯೆ ಸಂದಿ ಉಳಿದರೆ ಮೇಲಿನದು ಕರಗುತ್ತದೆ, ಕೆಳಗಿನದು ಹಿಡಿಯುವುದಿಲ್ಲ.

ತೂತಿನ ನಡುವೆ ವೈರಿಟ್ಟು ಮೊದಲು ಕೆಳಗಿನ ತಗಡಿಗೆ ಕಾವು ಕೊಡಿ, ಆಮೇಲೆ ಸುತ್ತಿಕೊಂಡು ತುಂಬಿಸಿ. ಒಂದರಿಂದ ಎರಡು ಸೆಕೆಂಡಿನ ಕೆಲಸ. ಒಂದು ಮುಗಿದ ಮೇಲೆ ಪಕ್ಕದ್ದಕ್ಕೆ ಹೋಗಬೇಡಿ, ಎದುರು ಮೂಲೆಗೆ ಹಾರಿ. ಉದ್ದ ಬೀಡು ಎಳೆಯುವ ಆಸೆ ಬಿಟ್ಟರೆ ಅರ್ಧ ವೆಲ್ಡಿಂಗ್ ಬಂದಂತೆ. ತಗಡು ಕೈಯಿಟ್ಟರೆ ತಾಳುವಷ್ಟು ಆರಿದ ಮೇಲೆ ಮುಂದಿನ ಟ್ಯಾಕ್ (ಚುಕ್ಕಿ ವೆಲ್ಡ್). ಒದ್ದೆ ಬಟ್ಟೆಯಿಂದ ತಣಿಸಿದರೆ ಸೊಟ್ಟ ಬರುತ್ತದೆ. ಅಂಚಿಗೆ ಅಂಚು ಕೂಡಿಸುವ ಕಡೆ ಹಿಂದೆ ತಾಮ್ರದ ಪಟ್ಟಿ ಒತ್ತಿಹಿಡಿಯಿರಿ: ವೆಲ್ಡ್ ಅದಕ್ಕೆ ಅಂಟುವುದಿಲ್ಲ, ಕಾವು ಹೀರಿಕೊಂಡು ತೂತು ಬೀಳದಂತೆ ತಡೆಯುತ್ತದೆ.

ಕಾರಿಗೆ ಹಾಕುವ ಮೊದಲು ಇದೇ ತರಹ ಎರಡು ತುಂಡು ಕೂಡಿಸಿ, ವೈಸಿಗೆ ಕಟ್ಟಿ ಉಳಿಯಿಂದ ಬಿಡಿಸಿ ನೋಡಿ. ವೆಲ್ಡ್ ಕಿತ್ತು ಬಂದು ಕೆಳಗಿನ ತಗಡು ನುಣ್ಣಗೆ ಉಳಿದರೆ ಫೇಲ್, ವೋಲ್ಟೇಜ್ ಏರಿಸಿ. ಕೆಳಗಿನ ತಗಡಲ್ಲಿ ತೂತು ಬಿದ್ದು ಗುಂಡಿಯಂತೆ ಕಿತ್ತು ಬಂದರೆ ಪಾಸು. ಹತ್ತಕ್ಕೆ ಹತ್ತೂ ಹಾಗೆ ಬರುವ ತನಕ ಕಾರು ಮುಟ್ಟಬೇಡಿ. ಸ್ಟೀರಿಂಗ್, ಸಸ್ಪೆನ್ಷನ್ ಭಾಗ, ಸೀಟ್ ಬೆಲ್ಟ್ ಕೂರುವ ಜಾಗ, ಹೊಸ ಕಾರುಗಳ ಬಾಗಿಲ ಮಧ್ಯದ ಕಂಬ ಇವಕ್ಕೆ ಮನೆ ವೆಲ್ಡಿಂಗ್ ಸಲ್ಲದು. ಆ ಕಂಬದ ಗಟ್ಟಿ ಉಕ್ಕು ಕಾವು ತಗುಲಿದರೆ ಬಲ ಕಳೆದುಕೊಳ್ಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಕೆಲಸ ನಡೆದಷ್ಟು ಹೊತ್ತೂ ಒಂದು ಬಕೆಟ್ ನೀರು, ಬೆಂಕಿ ಆರಿಸುವ ಒಂದು ಎಬಿಸಿ ಸಿಲಿಂಡರ್, ಜೊತೆಗೊಬ್ಬರು ಇರಲಿ. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಮೂಸಿ ನೋಡಿ, ಸೀಲೆಂಟ್ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ನಂತರ ಗ್ರೈಂಡರಿಗೆ ಹಾಕುವ 80 ಗ್ರಿಟ್ಟಿನ ಫ್ಲ್ಯಾಪ್ ಡಿಸ್ಕಿನಿಂದ ಬೀಡು ಮಟ್ಟಮಾಡಿ, ಸುತ್ತಲಿನ ತಗಡು ತೆಳ್ಳಗಾಗದಂತೆ. ಎಪಾಕ್ಸಿ ಪ್ರೈಮರ್, ಜೋಡಣೆಯ ಅಂಚಿಗೆ ಸೀಮ್ ಸೀಲರ್, ಅಡಿಗೆ ಅಂಡರ್‌ಕೋಟ್, ಈ ಕ್ರಮದಲ್ಲಿ. ಫುಟ್‌ಬೋರ್ಡಿನ ಒಳಗೆ ಬಣ್ಣ ಸುಟ್ಟಿರುತ್ತದೆ, ಅಲ್ಲಿಗೆ ತೆಳು ನಳಿಗೆಯಲ್ಲಿ ವ್ಯಾಕ್ಸ್ ಹೊಡೆಯಿರಿ. ಆ ಮೇಲೆ ನೀರಿಳಿಯುವ ತೂತುಗಳಿಗೆ ತಂತಿ ಹಾಕಿ ಕೆಮ್ಮಣ್ಣು, ವ್ಯಾಕ್ಸ್ ಎರಡನ್ನೂ ಬಿಡಿಸಿ, ಮೇಲಿಂದ ಒಂದು ಚೊಂಬು ನೀರು ಬಿಟ್ಟು ಕೆಳಗೆ ಸುರಿಯುವುದನ್ನು ನೋಡಿ.