ರಸ್ತೆಗೆ ಜಾಗ ಬಿಡಿಸಿಕೊಂಡ ಬಗೆ

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೆಲಸ ಮಾಡಿದವರಿಗೆ ಗೊತ್ತು, ರಸ್ತೆ ಮಾಡೋಕೆ ದುಡ್ಡು ಬರುತ್ತೆ, ಜಾಗಕ್ಕೆ ಬರಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲೂ ಭೂಮಿ ಕೊಳ್ಳಲು ಕೇಂದ್ರದ ಹಣವಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಹಿಡಿದು ಹೊರಟರೆ ಪರಿಹಾರದ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ (ಸಾಂತ್ವನ ಧನ) ಬೇರೆ. ನಾಲ್ಕು ಗುಂಟೆ ದಾರಿಗೆ ಯಾವ ಪಂಚಾಯಿತಿಯೂ ಆ ಬಾಗಿಲು ತಟ್ಟುವುದಿಲ್ಲ.

ತುಮಕೂರು ಕಡೆಯ ಒಂದು ಹಟ್ಟಿಗೆ ದಾರಿ ಬೇಕಿತ್ತು. ನಾನು ಮೊದಲು ತರಿಸಿದ್ದು ಗ್ರಾಮ ನಕಾಶೆ. ಹಳ್ಳದವರೆಗೂ ಬಂಡಿದಾರಿ ಸ್ಪಷ್ಟವಾಗಿತ್ತು. ಅಷ್ಟು ಸರ್ಕಾರದ್ದೇ. ಒತ್ತುವರಿಯನ್ನು ತಹಶೀಲ್ದಾರರು ತೆರವು ಮಾಡಿಸಿದರು, ಪರಿಹಾರದ ಮಾತೇ ಬರಲಿಲ್ಲ. ಹಳ್ಳದಾಚೆಯದು ಮಾತ್ರ ಹಿಡುವಳಿ ಜಮೀನು, ಅಂದರೆ ಒಬ್ಬರ ಖಾಸಗಿ ತೋಟ.

ಆ ತೋಟದ ಯಜಮಾನರು, "ಸಾರ್, ಅರ್ಧ ಎಕರೆ ಹೋಗ್ತದೆ" ಅಂತ ಪಟ್ಟು ಹಿಡಿದರು. ಅವರ ಮುಂದೆಯೇ ಟೇಪು ಹಿಡಿಸಿದೆ. ಹನ್ನೆರಡು ಅಡಿ ಅಗಲದ ದಾರಿ ತೊಂಬತ್ತು ಅಡಿ ಓಡಿದರೆ ಹತ್ತಿರಹತ್ತಿರ ಒಂದು ಗುಂಟೆ. ಲೆಕ್ಕ ನಾಲ್ಕು ಗುಂಟೆಗೆ ನಿಂತಿತು. ಸಾಲಿನಲ್ಲಿ ಎರಡು ತೆಂಗಿನ ಮರ ಅಡ್ಡ ಬರುತ್ತಿದ್ದವು, ಗುರುತನ್ನು ಬದುವಿನ ಕಡೆ ಸರಿಸಿದೆವು. ನನ್ನ ಪ್ರಕಾರ ಅವರನ್ನು ಒಪ್ಪಿಸಿದ್ದು ಕಾನೂನಲ್ಲ, ಆ ಮರಗಳು ಉಳಿದದ್ದು.

ಒಪ್ಪಿದ ಮೇಲೇ ಅಸಲಿ ಕೆಲಸ. ಊರವರು ಛಾಪಾ ಕಾಗದದ ಮೇಲೆ ಒಪ್ಪಿಗೆ ಪತ್ರ ಸಾಕು ಅಂದರು. ಸಾಲದು. ಸ್ಥಿರಾಸ್ತಿಯ ದಾನಪತ್ರ ನೋಂದಣಿ ಆಗಲೇಬೇಕು; ಇಲ್ಲದಿದ್ದರೆ ನಾಳೆ ಮಗ ಬೇಲಿ ಹಾಕಿದಾಗ ಪಂಚಾಯಿತಿ ಕೈಯಲ್ಲಿ ಏನೂ ಇರುವುದಿಲ್ಲ. ಸರ್ವೆ ನಂಬರಿನ ತುಂಡಾದ್ದರಿಂದ ಆ ತುಂಡನ್ನು ಅಳೆದು ಗುರುತಿಸುವ 11ಇ ನಕ್ಷೆ ಮಾಡಿಸಿದೆವು. ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿಯ ಬೆಳೆ ಸಾಲವಿತ್ತು, ಅದಕ್ಕೆ ನಿರಾಕ್ಷೇಪಣಾ ಪತ್ರ. ಪಿತ್ರಾರ್ಜಿತ ಆಸ್ತಿ, ಹಾಗಾಗಿ ಗಂಡುಮಕ್ಕಳ ಸಹಿ ಸಾಲದು, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಉಪನೋಂದಣಿ ಕಚೇರಿಗೆ ಬರಬೇಕಾಯಿತು. ಚಿಕ್ಕವಳು ಬಾಣಂತಿ, ಕೂಸು ಎತ್ತಿಕೊಂಡೇ ಹೆಬ್ಬೆಟ್ಟು ಒತ್ತಿದಳು. ಪಕ್ಕದ್ದು ಪರಿಶಿಷ್ಟ ಜಾತಿಯವರಿಗೆ ಮಂಜೂರಾದ ಜಮೀನು. ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ದಾನವಾಗಿಯೂ ಪಡೆಯುವಂತಿಲ್ಲ. ಅದನ್ನು ಮುಟ್ಟದೆ ದಾರಿ ತಿರುಗಿಸಿದೆವು.

ಮ್ಯುಟೇಶನ್ (ಹಕ್ಕು ಬದಲಾವಣೆ) ಆಗಿ ಪಹಣಿಯಲ್ಲಿ ಪಂಚಾಯಿತಿ ಹೆಸರು ಕೂತ ಮೇಲಷ್ಟೇ ಜೆಸಿಬಿ ಇಳಿಸಲು ಬಿಟ್ಟೆ. ಗುತ್ತಿಗೆದಾರ ಅಷ್ಟು ದಿನವೂ ಗೊಣಗಿದ.