ಮುಸುಕಿನ ಜೋಳ ಸುಡೋದು, ಬೇಯಿಸೋದು: ಮೊದ್ಲು ತೆನೆ ಯಾವ್ದು ಅಂತ ನೋಡ್ಕೊಳ್ಳಿ

ಮಳೆ ಹಿಡ್ಕೊಂಡ್ರೆ ಸಾಕು, ನಂಗೆ ಸುಟ್ಟ ಜೋಳ ಬೇಕೇ ಬೇಕು. ಆದ್ರೆ ತುಂಬಾ ಜನ ಹೇಳೋದು ಒಂದೇ, ಮನೇಲಿ ಮಾಡಿದ್ರೆ ಬೆಟ್ಟದ ಮೇಲೆ ತಿಂದ ಹಾಗೆ ಬರಲ್ಲ, ಗಟ್ಟಿ ಆಗುತ್ತೆ ಇಲ್ಲಾ ಸಪ್ಪೆ ಆಗುತ್ತೆ ಅಂತ. ಮುಕ್ಕಾಲು ಪಾಲು ತಪ್ಪಾಗೋದು ಒಲೆ ಹತ್ರ ಅಲ್ಲ, ಅಂಗಡೀಲಿ. ನಾಟಿ ಜೋಳಾನೂ ಸ್ವೀಟ್ ಕಾರ್ನೂ ಒಂದೇ ಅಂದ್ಕೊಂಡು ಎರಡನ್ನೂ ಒಂದೇ ಥರ ಮಾಡ್ತೀವಿ, ಅಲ್ಲೇ ಕೆಡೋದು.

ನಾಟಿ ಅಂದ್ರೆ ಮೈಸೂರು ಕಡೆಯವ್ರು ಮುಸುಕಿನ ಜೋಳ ಅಂತೀವಲ್ಲ ಅದು, ದಾವಣಗೆರೆ ಕಡೆ ಮೆಕ್ಕೆಜೋಳ, ಧಾರವಾಡ ಹಾವೇರಿ ಕಡೆ ಗೋವಿನಜೋಳ. ಕಾಳು ಗಟ್ಟಿ, ಹಿಟ್ಟಿನಂಶ ಜಾಸ್ತಿ, ಸಿಹಿ ಕಮ್ಮಿ. ಅದಕ್ಕೆ ಕೆಂಡಾನೇ ಸರಿ. ಸ್ವೀಟ್ ಕಾರ್ನ್ ಕಾಳಲ್ಲಿ ನೀರು ಜಾಸ್ತಿ, ಸಿಹಿ ಜಾಸ್ತಿ, ಸಿಪ್ಪೆ ತೆಳು. ಅದನ್ನ ಕೆಂಡಕ್ಕೆ ಹಾಕಿದ್ರೆ ಸುಕ್ಕುಗಟ್ಟುತ್ತೆ, ಹಬೆಗೇ ಚೆನ್ನ.

ತಗೊಳ್ಳುವಾಗ ಮುಸುಕು ಹಸಿರಾಗಿ ತೆನೆಗೆ ಅಂಟ್ಕೊಂಡಿರ್ಬೇಕು, ತುದೀಲಿರೋ ಕೂದಲು ಮಾತ್ರ ಕಂದು ಬಣ್ಣಕ್ಕೆ ತಿರುಗಿರ್ಬೇಕು. ಮುಸುಕು ಸ್ವಲ್ಪ ಬಿಡಿಸಿ ಒಂದು ಕಾಳಿಗೆ ಉಗುರು ಚುಚ್ಚಿ, ಹಾಲಿನಂಥ ರಸ ಬಂದ್ರೆ ಅದೇ ಹದ. ಬರೀ ನೀರು ಬಂದ್ರೆ ಇನ್ನೂ ಎಳೆದು, ಉಗುರೇ ಇಳೀದೆ ಒಳಗೆ ಹಿಟ್ಟು ಹಿಟ್ಟಾಗಿದ್ರೆ ಬಲಿತಿದೆ, ಅದನ್ನ ಎಷ್ಟು ಸುಟ್ರೂ ಹಲ್ಲಿಗೆ ಶಿಕ್ಷೆ. ಕೇಳಿ ಚುಚ್ಚಿ ಮತ್ತೆ, ಪಾಪ ಮಾರೋರ ಎಲ್ಲಾ ತೆನೆಗೂ ಉಗುರು ಹಾಕ್ಬೇಡಿ. ಇನ್ನೊಂದು, ಕಿತ್ತ ಮೇಲೆ ಕಾಳಲ್ಲಿರೋ ಸಕ್ಕರೆ ನಿಧಾನಕ್ಕೆ ಪಿಷ್ಟ ಆಗ್ತಾ ಹೋಗುತ್ತೆ, ಬಿಸಿಲಲ್ಲಿ ಬಿದ್ದಿದ್ರೆ ಇನ್ನೂ ಬೇಗ. ಹಾಗಾಗಿ ತಂದ ದಿನಾನೇ ಮಾಡಿ, ಆಗ್ಲಿಲ್ಲ ಅಂದ್ರೆ ಮುಸುಕು ಬಿಡಿಸದೆ ಫ್ರಿಡ್ಜಲ್ಲಿಡಿ.

ಈಗ ಸುಡೋದು. ಇದ್ದಿಲು ಹೊತ್ತಿಸಿದ ತಕ್ಷಣ ತೆನೆ ಇಡ್ಬೇಡಿ, ಉರಿ ಪೂರ್ತಿ ಇಳಿದು ಕೆಂಡದ ಮೇಲೆ ತೆಳ್ಳಗೆ ಬೂದಿ ಕಟ್ಟೋವರೆಗೂ ಕಾಯ್ಬೇಕು, ಉರಿ ಮೇಲೆ ಇಟ್ರೆ ಹೊರಗೆ ಕಪ್ಪಾಗಿ ಮಸಿ ಹಿಡಿಯುತ್ತೆ ಒಳಗೆ ಹಸಿ ಹಸಿ. ಮುಸುಕನ್ನ ಕಿತ್ತು ಬಿಸಾಕ್ಬೇಡಿ, ಹಿಂದಕ್ಕೆ ಬಗ್ಗಿಸಿ ಜಡೆ ಥರ ಹಿಡ್ಕೊಂಡ್ರೆ ಅದೇ ಹಿಡಿ, ಆ ಭಾಗ ಮಾತ್ರ ಕೆಂಡದಿಂದ ಆಚೆ ಇರ್ಲಿ. ಸ್ವಲ್ಪ ಸ್ವಲ್ಪ ತಿರುಗಿಸ್ತಾ ಮಧ್ಯೆ ಮಧ್ಯೆ ಬೀಸಣಿಗೇಲಿ ಬೀಸ್ತಾ ಇದ್ರೆ ಕಾಳು ಚಟಪಟ ಅನ್ನೋಕೆ ಶುರು ಮಾಡುತ್ತೆ, ಸುತ್ತಲೂ ಕಂದು ಚುಕ್ಕೆ, ಅಲ್ಲಲ್ಲಿ ಕಪ್ಪು. ಎಂಟು ಹತ್ತು ನಿಮಿಷ ಸಾಕು. ಇದ್ದಿಲು ಇಲ್ವಾ, ಗ್ಯಾಸ್ ಮೇಲೆ ಹಪ್ಪಳ ಸುಡೋ ಜಾಲರಿ ಇಟ್ಟು ಸಣ್ಣ ಉರೀಲಿ ಮಾಡಿ, ಕೆಂಡದ ಘಮ ಬರಲ್ಲ, ಆದ್ರೂ ಚೆನ್ನಾಗೇ ಇರುತ್ತೆ. ಕಾಳು ಸಿಡಿಯುತ್ತೆ, ಮಕ್ಕಳನ್ನ ದೂರ ಇಡಿ.

ಉಪ್ಪು ಖಾರ ಹಚ್ಚೋದಕ್ಕೂ ಹೊತ್ತು ಗೊತ್ತಿರ್ಬೇಕು. ಕೆಂಡದಿಂದ ತೆಗೆದ ತಕ್ಷಣ, ಕೈ ಸುಡುವಷ್ಟು ಬಿಸಿ ಇರುವಾಗ್ಲೇ ಅರ್ಧ ನಿಂಬೆಹಣ್ಣನ್ನ ಉಪ್ಪು ಖಾರದಪುಡೀಲಿ ಅದ್ದಿ ಮೇಲಿಂದ ಕೆಳಗೆ ಒತ್ತಿ ಉಜ್ಜಿ, ರಸ ಸಾಲುಗಳ ಸಂದಿಗೆ ಇಳೀಬೇಕು. ಆರಿದ ಮೇಲೆ ಹಚ್ಚಿದ್ರೆ ಮೇಲ್ಮೇಲೇ ನಿಲ್ಲುತ್ತೆ. ಬ್ಯಾಡಗಿ ಪುಡಿ ಆದ್ರೆ ಬಣ್ಣಾನೂ ಚೆಂದ. ನಾಟಿ ಜೋಳಕ್ಕೆ ಬೆಣ್ಣೆ ನಂಗಂತೂ ಹಿಡಿಸಲ್ಲ, ಹೊಗೆ ವಾಸನೇನ ಮುಚ್ಚಿಬಿಡುತ್ತೆ.

ನಾಟಿ ತೆನೆ ಬೇಯಿಸೋದಾದ್ರೆ ಹೊರಗಿನ ಒರಟು ಮುಸುಕು ತೆಗೆದು ಒಳಗಿನ ಎಳೆ ಪದರ ಎರಡು ಬಿಟ್ಟು ಕುಕ್ಕರಲ್ಲಿ ನೀರು, ಕೈ ತುಂಬಾ ಉಪ್ಪು ಹಾಕಿ ನಾಲ್ಕು ವಿಷಲ್ ಕೂಗಿಸಿ, ಸ್ವಲ್ಪ ಬಲಿತಿದ್ರೆ ಇನ್ನೊಂದೆರಡು. ಮುಖ್ಯ ಏನಂದ್ರೆ ಆವಿ ತಾನಾಗಿ ಇಳಿದ ಮೇಲೂ ಹತ್ತು ನಿಮಿಷ ಆ ಉಪ್ಪುನೀರಲ್ಲೇ ಬಿಡಿ, ಆಗ್ಲೇ ಕಾಳಿನೊಳಗೆ ಉಪ್ಪು ಹೋಗೋದು. ನಮ್ಮಮ್ಮ ಇದರ ಜೊತೇಲೇ ಹಸಿ ಕಡ್ಲೆಕಾಯೀನೂ ಹಾಕ್ತಿದ್ರು, ಮಳೆಗಾಲದ ಸಂಜೆಗೆ ಅದೊಂದೇ ಪಾತ್ರೆ ಸಾಕಾಗ್ತಿತ್ತು.

ಸ್ವೀಟ್ ಕಾರ್ನಿಗೆ ಇಷ್ಟೆಲ್ಲಾ ಬೇಡ. ಇಡ್ಲಿ ಪಾತ್ರೇಲಿ ಏಳೆಂಟು ನಿಮಿಷ ಹಬೆ, ಇಲ್ಲಾ ಕುದಿಯೋ ನೀರಲ್ಲಿ ನಾಲ್ಕೈದು ನಿಮಿಷ. ಜಾಸ್ತಿ ಬೇಯಿಸಿದ್ರೆ ರಸ ಎಲ್ಲಾ ಹೋಗಿ ಕಾಳು ಸೊರಗುತ್ತೆ. ಮೈಕ್ರೋವೇವ್ ಇದ್ರೆ ಮುಸುಕಿನ ಸಮೇತ ಒಂದು ತೆನೆ ಇಟ್ಟು ನಾಲ್ಕು ನಿಮಿಷ, ಆಮೇಲೆ ಬಟ್ಟೇಲಿ ಹಿಡ್ಕೊಂಡು ತೊಟ್ಟಿನ ಕಡೆ ಒಂದು ಇಂಚು ಕಟ್ ಮಾಡಿ ತುದಿ ಕಡೆಯಿಂದ ಒತ್ತಿ, ತೆನೆ ಜಾರ್ಕೊಂಡು ಆಚೆ ಬರುತ್ತೆ, ಕೂದಲು ಬಹುಪಾಲು ಮುಸುಕಲ್ಲೇ ಉಳಿಯುತ್ತೆ. ಒಂದೊಂದು ಕಾಳಿಗೂ ಒಂದೊಂದು ಎಳೆ ಕೂದಲು ಇರುತ್ತೆ ನೋಡಿ, ಹಸಿ ಇದ್ದಾಗ ಬಿಡಿಸೋಕೆ ಹೋದ್ರೆ ಅದಕ್ಕೇ ಅಷ್ಟು ಹೊತ್ತು ಹಿಡಿಯೋದು. ಇದಕ್ಕೆ ಬೆಣ್ಣೆ, ಕಾಳುಮೆಣಸಿನ ಪುಡಿ ಒಪ್ಪುತ್ತೆ.

ಬೆಂದ ತೆನೆ ಉಳಿದ್ರೆ ಬಿಸಾಕ್ಬೇಡಿ, ಒಂದು ಸಾಲು ಕಾಳು ಚಾಕುವಿಂದ ಎಬ್ಬಿಸಿದ್ರೆ ಮಿಕ್ಕಿದ್ದು ಹೆಬ್ಬೆರಳಲ್ಲೇ ಸಾಲು ಸಾಲಾಗಿ ಉದುರುತ್ತೆ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದ್ರೆ ಬೆಳಗ್ಗೆಗೆ ಉಸ್ಲಿ ರೆಡಿ.